ನಂದಿ ಸೀಮೆಯ ಬಂಡಿ ದಾರಿಯಲ್ಲಿ ಗ್ರಾವೆಲ್ ಸೈಕಲ್

ಭಾನುವಾರ ನಸುಕಿಗೆ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೊರಟ ಸೈಕಲ್ಲುಗಳೆಲ್ಲ ಕೊನೆಗೆ ಒಂದೇ ಡಾಂಬರು ರಸ್ತೆಗೆ ಸೇರುತ್ತವೆ. ಕಾರು, ಬೈಕುಗಳ ಸಾಲಿನ ಪಕ್ಕದಲ್ಲಿ ತಿರುವು ತಿರುವಾಗಿ ಏರಿ, ಮೇಲೆ ಸ್ವಲ್ಪ ಹೊತ್ತು ನಿಂತು, ಅದೇ ದಾರಿಯಲ್ಲಿ ಇಳಿದು ಬರುತ್ತವೆ. ಆ ಏರು ಒಳ್ಳೆಯದೇ, ಒಮ್ಮೆಯಾದರೂ ಏರಬೇಕು. ಆದರೆ ಈ ಸೀಮೆಯ ಸೈಕಲ್ ಸವಾರಿಯ ಸೊಗಸು ಇರುವುದು ಬೆಟ್ಟದ ಬುಡದಲ್ಲಿ. ಊರಿಂದ ಊರಿಗೆ, ಕೆರೆ ಏರಿಯಿಂದ ರಾಗಿ ಹೊಲಕ್ಕೆ, ಅಲ್ಲಿಂದ ದ್ರಾಕ್ಷಿ ತೋಟದ ಬೇಲಿ ಪಕ್ಕಕ್ಕೆ ಹೋಗುವ ಕೆಂಪು ಮಣ್ಣಿನ ದಾರಿಗಳಿವೆಯಲ್ಲ, ಅವುಗಳ ಮೇಲೆ.

ಇಂಥ ದಾರಿಗಳಿಗಾಗಿಯೇ ಹುಟ್ಟಿದ್ದು ಗ್ರಾವೆಲ್ ಸೈಕಲ್. ನೋಡಲು ರಸ್ತೆ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಕೆಳಗೆ ಅಗಲವಾದ ಟೈರು, ಡಿಸ್ಕ್ ಬ್ರೇಕು, ಏರಿಗೆ ಹಗುರ ಗೇರು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಪುಟ್ಟ ಊರಿನಲ್ಲಿ 2006ರಲ್ಲಿ ಶುರುವಾದ ಜಲ್ಲಿ ರಸ್ತೆಯ ಓಟ ಈ ಬಗೆಯ ಸವಾರಿಗೆ ದೊಡ್ಡ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ನಮ್ಮಲ್ಲಿ ಇದಕ್ಕೆಂದು ಹೊಸ ದಾರಿ ಕಡಿಯಬೇಕಾಗಿಲ್ಲ. ಎತ್ತಿನ ಗಾಡಿಯ ಕಾಲದ ಬಂಡಿ ದಾರಿಗಳು ಇನ್ನೂ ಉಳಿದಿವೆ, ಕಂದಾಯ ಇಲಾಖೆಯ ನಕ್ಷೆಯಲ್ಲೂ ಇವೆ. ಅವುಗಳನ್ನು ಹುಡುಕಿ, ಜೋಡಿಸಿ, ಊರವರಿಗೆ ತೊಂದರೆ ಕೊಡದೆ ತುಳಿಯುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ.

ಮೊದಲು ನೆಲ ಹೇಗಿದೆ ತಿಳಿಯಿರಿ

ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳು ಕೂಡುವ ಈ ಜಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು. ಅದರ ಮೇಲೆ ಅಲ್ಲಲ್ಲಿ ಬಂಡೆ ಬೆಟ್ಟಗಳು ಎದ್ದು ನಿಂತಿವೆ. ಎಲ್ಲಕ್ಕಿಂತ ಎತ್ತರದ್ದು ನಂದಿ, 1478 ಮೀಟರ್. ಉತ್ತರಕ್ಕೆ ಕಳವಾರದುರ್ಗ ಅಥವಾ ಸ್ಕಂದಗಿರಿ, ಪಶ್ಚಿಮಕ್ಕೆ ಚನ್ನಗಿರಿ, ಇನ್ನೂ ಆಚೆ ಘಾಟಿ ಸುಬ್ರಹ್ಮಣ್ಯ ದಾಟಿದರೆ ಮಾಕಳಿದುರ್ಗ. ಪಾಲಾರ್, ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ ಹುಟ್ಟುವುದು ಈ ಬೆಟ್ಟಗಳ ಸುತ್ತಮುತ್ತಲೇ. ನೀರು ಇಲ್ಲಿಂದ ನಾಲ್ಕೂ ದಿಕ್ಕಿಗೆ ಹರಿದು ಹೋಗುವುದರಿಂದ ದಾಟಲಾಗದ ದೊಡ್ಡ ಹೊಳೆ ಎಲ್ಲೂ ಅಡ್ಡ ಬರುವುದಿಲ್ಲ. ಸಿಗುವುದೆಲ್ಲ ಸಣ್ಣ ಹಳ್ಳ, ಕಾಲುವೆ ಮತ್ತು ಕೆರೆ.

ಸವಾರನಿಗೆ ಇದರಿಂದ ಆಗುವ ಲಾಭ ದೊಡ್ಡದು. ಬೆಟ್ಟದ ಮೇಲೆ ಹೋಗದೆ ಬುಡ ಹಿಡಿದರೆ ಏರಿಳಿತ ಚಿಕ್ಕದಾಗಿಯೇ ಇರುತ್ತದೆ, ಕಣ್ಣ ಮುಂದೆ ಮಾತ್ರ ಸದಾ ಒಂದು ಬೆಟ್ಟ. ದಾರಿ ತಪ್ಪಿದರೂ ನಂದಿ ಯಾವ ಕಡೆಗಿದೆ ಎಂದು ನೋಡಿ ದಿಕ್ಕು ಹಿಡಿಯಬಹುದು.

ಮಣ್ಣಿನಲ್ಲಿ ಮೂರು ಬಗೆ ಗುರುತಿಟ್ಟುಕೊಳ್ಳಿ. ಗರಸು ಹಾಸಿದ ದಾರಿ ಎಲ್ಲಕ್ಕಿಂತ ಉತ್ತಮ. ಗಟ್ಟಿಯಾಗಿ ಕೂತಿರುತ್ತದೆ, ಸಣ್ಣ ಮಳೆಗೆ ಜಗ್ಗುವುದಿಲ್ಲ. ಬರೀ ಕೆಂಪು ಮಣ್ಣಿನ ದಾರಿ ಒಣಗಿದಾಗ ಚೆನ್ನ, ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಓಡಾಡಿ ಹಿಟ್ಟಿನಂತಾದಾಗ ಮುಂಚಕ್ರ ಅದರೊಳಗೆ ಅಲೆಯುತ್ತದೆ. ಮೂರನೆಯದು ಕೆರೆ ಅಂಗಳದ ಗೋಡು. ಮಳೆ ಬಿದ್ದ ದಿನ ಅದರ ಮೇಲೆ ಹೋಗಲೇಬೇಡಿ. ನಾಲ್ಕು ಮಾರು ಹೋಗುವುದರೊಳಗೆ ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಚಕ್ರ ನಿಂತೇ ಹೋಗುತ್ತದೆ, ಎಳೆದಾಡಿದರೆ ಗೇರು ಮುರಿಯುತ್ತದೆ.

ಯಾವ ಸೈಕಲ್ಲು, ಎಷ್ಟು ಗಾಳಿ

ಗ್ರಾವೆಲ್ ಸೈಕಲ್ಲೇ ಬೇಕೆಂದು ಕಾಯಬೇಡಿ. ಮನೆಯಲ್ಲಿ ಎಂಟಿಬಿ ಇದ್ದರೆ ಇಂದೇ ಹೊರಡಬಹುದು. ಹೈಬ್ರಿಡ್ ಇದ್ದರೆ, ಫ್ರೇಮಿನಲ್ಲಿ ಜಾಗ ಇರುವಷ್ಟು ಅಗಲದ ಟೈರು ಹಾಕಿಸಿ, 38ರಿಂದ 42 ಮಿ.ಮೀ. ಹಿಡಿದರೆ ಈ ಸೀಮೆಗೆ ಸಾಕು. 28 ಮಿ.ಮೀ. ಟೈರಿನ ರಸ್ತೆ ಸೈಕಲ್ಲು ಮಾತ್ರ ಬೇಡ. ಅದಕ್ಕೂ ಹಿಂಸೆ, ಕೈಮಣಿಕಟ್ಟಿಗೂ ಹಿಂಸೆ.

ಹೊಸದಾಗಿ ಕೊಳ್ಳುವವರು ಬಣ್ಣ, ತೂಕ ನೋಡುವ ಮೊದಲು ಗೇರು ನೋಡಿ. ಮುಂದಿನ ಸಣ್ಣ ಚೈನ್‌ರಿಂಗಿನ ಹಲ್ಲಿಗಿಂತ ಹಿಂದಿನ ದೊಡ್ಡ ಗೇರಿನ ಹಲ್ಲು ಹೆಚ್ಚಿರಬೇಕು, ಕೊನೆಯಪಕ್ಷ ಸಮ ಇರಬೇಕು. ಸಡಿಲ ಜಲ್ಲಿಯ ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂಚಕ್ರ ಜಾರುತ್ತದೆ. ಕೂತೇ ತುಳಿಯಬೇಕು, ಕೂತು ತುಳಿಯಲು ಹಗುರ ಗೇರು ಬೇಕು.

ಗಾಳಿಯ ಒತ್ತಡದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಣ್ಣು ದಾರಿಯ ಸವಾರಿ ಸುಖವಾಗುವುದೂ ಕಷ್ಟವಾಗುವುದೂ ಬಹುಪಾಲು ಇದರಿಂದಲೇ. ಕಲ್ಲಿನಂತೆ ಗಟ್ಟಿಯಾಗಿ ಗಾಳಿ ತುಂಬಿದ ಟೈರು ಪ್ರತಿ ಹರಳಿಗೂ ಪುಟಿಯುತ್ತದೆ, ತಿರುವಿನಲ್ಲಿ ಹಿಡಿತ ಬಿಡುತ್ತದೆ. ಅರವತ್ತೈದು ಕಿಲೊ ಆಸುಪಾಸಿನ ತೂಕದವರು 40 ಮಿ.ಮೀ. ಟೈರಿಗೆ ಟ್ಯೂಬ್ ಇದ್ದರೆ 40 ಪಿಎಸ್‌ಐ, ಟ್ಯೂಬ್‌ಲೆಸ್ ಆದರೆ 32ರಿಂದ 35 ಹಾಕಿ ಶುರುಮಾಡಿ. ಹಿಂದಿನದಕ್ಕಿಂತ ಮುಂದಿನದಕ್ಕೆ ಎರಡು ಮೂರು ಕಡಿಮೆ ಇರಲಿ. ಹೊಂಡಕ್ಕೆ ಬಿದ್ದಾಗ ರಿಮ್ಮು ನೆಲಕ್ಕೆ ಬಡಿದಂತಾದರೆ ಸ್ವಲ್ಪ ಏರಿಸಿ, ಮೈಯೆಲ್ಲ ಅದುರಿದರೆ ಇಳಿಸಿ. ಎರಡು ಮೂರು ಸವಾರಿಯಲ್ಲಿ ನಿಮ್ಮ ತೂಕಕ್ಕೆ ಹೊಂದುವ ಅಂಕಿ ಸಿಗುತ್ತದೆ. ಸಿಕ್ಕ ಮೇಲೆ ಬರೆದಿಟ್ಟುಕೊಳ್ಳಿ.

ಟ್ಯೂಬ್‌ಲೆಸ್ ಮಾಡಿಸಿ ಎಂದು ಒತ್ತಿ ಹೇಳಲು ಇನ್ನೊಂದು ಕಾರಣ ಬಳ್ಳಾರಿ ಜಾಲಿ. ಕೆರೆ ಏರಿಯ ಮೇಲೆ, ಹಳ್ಳದ ಅಂಚಿನಲ್ಲಿ, ಬೇಲಿಗಳಲ್ಲಿ ಇದರದೇ ದರ್ಬಾರು. ಬೇಲಿ ಸವರಿದ ದಿನ ಮುಳ್ಳಿನ ಕೊಂಬೆಗಳು ದಾರಿಗೇ ಬಿದ್ದಿರುತ್ತವೆ. ಸೀಲೆಂಟ್ ಇದ್ದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಇರುವವರು ಎರಡು ಟ್ಯೂಬು, ಪ್ಯಾಚು, ಟೈರ್ ಲಿವರು, ಪಂಪು ಇಟ್ಟುಕೊಳ್ಳಲೇಬೇಕು. ಪಂಕ್ಚರ್ ಆದಾಗ ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಿ. ಮುಳ್ಳಿನ ತುದಿ ಮುರಿದು ಒಳಗೇ ಉಳಿದಿರುತ್ತದೆ, ಅದನ್ನು ಕೀಳದಿದ್ದರೆ ಎರಡನೆಯ ಟ್ಯೂಬೂ ಹೋಗುತ್ತದೆ. ಇವುಗಳ ಜೊತೆಗೆ ಅಲೆನ್ ಕೀಗಳ ಕಟ್ಟು, ಚೈನಿನ ಒಂದು ಜೋಡುಕೊಂಡಿ, ನಿಮ್ಮ ಸೈಕಲ್ಲಿಗೆ ಹೊಂದುವ ಗೇರ್ ಹ್ಯಾಂಗರ್. ಹ್ಯಾಂಗರ್ ಬೆಲೆ ಕಡಿಮೆ, ಆದರೆ ಹಳ್ಳಿಯ ಸೈಕಲ್ ಶಾಪಿನಲ್ಲಿ ಸಿಗುವ ಸಾಮಾನಲ್ಲ.

ದಾರಿ ಹುಡುಕುವುದು

ಆ್ಯಪ್ ಕೊಟ್ಟ ದಾರಿಯನ್ನು ಹಾಗೇ ನಂಬಿ ಹೊರಡುವವರೇ ಹೆಚ್ಚು. ಮಣ್ಣು ದಾರಿಯ ವಿಷಯದಲ್ಲಿ ಅದು ಸಾಲದು.

ಮೊದಲು ಉಪಗ್ರಹ ಚಿತ್ರ ತೆರೆದು ಎರಡು ಊರುಗಳ ನಡುವೆ ಹೊಲಗಳನ್ನು ಸೀಳಿ ಹೋಗುವ ಕೆಂಪು ಗೆರೆಗಳನ್ನು ನೋಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇವುಗಳಲ್ಲಿ ಹಲವನ್ನು ತುಂಡು ಗೆರೆಯಲ್ಲಿ ಗುರುತಿಸಿರುತ್ತಾರೆ. ನಂತರ ಕಂದಾಯ ಇಲಾಖೆಯ ಜಾಲತಾಣದಿಂದ ಆ ಊರಿನ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ಅದರಲ್ಲಿ ಜೋಡಿ ತುಂಡು ಗೆರೆ ಎಂದರೆ ಬಂಡಿ ದಾರಿ, ಒಂಟಿ ತುಂಡು ಗೆರೆ ಎಂದರೆ ಕಾಲುದಾರಿ. ನಿಮಗೆ ಬೇಕಾದದ್ದು ಜೋಡಿ ಗೆರೆ. ಫೋನಿನಲ್ಲಿ ‘ದಿಶಾಂಕ್’ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರು, ಊರಿನ ಗಡಿ ಗೊತ್ತಾಗುತ್ತದೆ, ಕಾಲ ಕೆಳಗಿರುವುದು ದಾರಿಯೋ ಯಾರದೋ ಹೊಲದ ಬದುವೋ ಎಂಬ ಅನುಮಾನ ಬಂದಾಗ ನೆರವಿಗೆ ಬರುತ್ತದೆ. ರೈತರು ಜಮೀನಿಗಾಗಿ ಬಳಸುವ ಈ ಆ್ಯಪ್ಪು ಸೈಕಲ್ ಸವಾರರಿಗೆ ಇಷ್ಟು ಒದಗುತ್ತದೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಬಂಡಿ ದಾರಿ ಯಾರ ಸ್ವಂತದ್ದೂ ಅಲ್ಲ. ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರಕ್ಕೆ ಸೇರಿದವು ಎಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಹೇಳುತ್ತದೆ. ಆದರೂ ನಕ್ಷೆಯಲ್ಲಿರುವ ದಾರಿ ನೆಲದ ಮೇಲೆ ಇರುತ್ತದೆಂಬ ಖಾತ್ರಿಯಿಲ್ಲ. ಎಲ್ಲೋ ಉತ್ತು ಹೊಲಕ್ಕೆ ಸೇರಿಸಿರುತ್ತಾರೆ, ಎಲ್ಲೋ ಹೊಸ ಲೇಔಟಿನ ಕಾಂಪೌಂಡು ಎದ್ದಿರುತ್ತದೆ. ವಿಮಾನ ನಿಲ್ದಾಣದ ಈಚೆಗೆ ಬಂದಷ್ಟೂ ಇದು ಜಾಸ್ತಿ. ಅಂಥ ಕಡೆ ಗೇಟು ಹಾರುವುದು, ತಂತಿ ಬಗ್ಗಿಸುವುದು ಬೇಡ. ಅದಕ್ಕಾಗಿಯೇ ಪ್ರತಿ ಮಣ್ಣು ದಾರಿಗೂ ಬದಲಿಯಾಗಿ ಒಂದು ಡಾಂಬರು ದಾರಿಯನ್ನು ಮೊದಲೇ ಗುರುತು ಮಾಡಿಕೊಂಡಿರಿ.

ನಕ್ಷೆ, ಆ್ಯಪ್ಪು ಎಲ್ಲ ನೋಡಿದ ಮೇಲೂ ಉಳಿಯುವ ಅನುಮಾನ ಬಗೆಹರಿಯುವುದು ಊರಿನ ಹಾಲಿನ ಡೇರಿ ಮುಂದೆ. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಕ್ಯಾನು ಹಿಡಿದು ಬಂದವರು ಅಲ್ಲಿ ಸೇರಿರುತ್ತಾರೆ, ಸುತ್ತಲಿನ ಪ್ರತಿ ಹೊಲದ ದಾರಿಯೂ ಅವರಿಗೆ ಗೊತ್ತು. ಸೈಕಲ್ಲಿನಿಂದ ಇಳಿದು, ಹೆಲ್ಮೆಟ್ಟು ತೆಗೆದು ಕೇಳಿ. ‘ಅಣ್ಣಾ, ನಂದಿಗೆ ಹೇಗೆ ಹೋಗೋದು’ ಎಂದರೆ ಮುಖ್ಯರಸ್ತೆ ತೋರಿಸಿ ಕಳಿಸುತ್ತಾರೆ. ‘ಈ ಬಂಡಿ ದಾರಿ ಆ ಕಡೆ ಊರಿಗೆ ಕೂಡ್ತದಾ?’ ಎಂದು ಕೇಳಿ. ‘ಕೂಡ್ತೈತೆ, ಕೆರೆ ಏರಿ ಮೇಲೆ ಹಿಡ್ದು ಓಗಿ, ತೂಬಿನ ಹತ್ರ ಎಡಕ್ಕೆ’ ಎಂಬಂಥ ಉತ್ತರ ಬರುತ್ತದೆ. ಈ ಭಾಗದಲ್ಲಿ ತೆಲುಗು ಮನೆಮಾತಿನವರೂ ಬಹಳ ಮಂದಿ, ಎರಡು ತೆಲುಗು ಮಾತು ಬಂದರೆ ಇನ್ನೂ ಒಳ್ಳೆಯದು.

ಎಲ್ಲಿಂದ ಎಲ್ಲಿಗೆ

ಮೊದಲ ಸವಾರಿಗೆ ನಂದಿ ಊರು, ಮುದ್ದೇನಹಳ್ಳಿ, ಸ್ಕಂದಗಿರಿ ಬುಡ, ಚಿಕ್ಕಬಳ್ಳಾಪುರ. ಸುತ್ತಾಡಿದರೂ ಇಪ್ಪತ್ತು ಇಪ್ಪತ್ತೈದು ಕಿಲೊಮೀಟರ್ ಮೀರುವುದಿಲ್ಲ. ಯಲಹಂಕ, ದೇವನಹಳ್ಳಿ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಹಳೆಯ ಪುಟ್ಟ ನಿಲ್ದಾಣವಿದೆ, ಊರು ಅದರ ಹತ್ತಿರವೇ. ಸೈಕಲ್ಲನ್ನು ಕಾರಿನಲ್ಲಿ ತಂದವರು ಭೋಗನಂದೀಶ್ವರ ದೇವಸ್ಥಾನದ ಬಳಿ ನಿಲ್ಲಿಸಬಹುದು. ಒಂಬತ್ತನೇ ಶತಮಾನದಷ್ಟು ಹಿಂದಕ್ಕೆ ಹೋಗುವ ಈ ದೇವಾಲಯವನ್ನು ಹೊರಡುವ ಮುನ್ನವೇ ನೋಡಿ. ಬಂದ ಮೇಲೆ ನೋಡೋಣವೆಂದರೆ ಬಿಸಿಲು ಏರಿರುತ್ತದೆ, ಒಳಗಿನ ಕಲ್ಯಾಣಿಯ ಮೆಟ್ಟಿಲು ಕಾಲು ಸುಡುತ್ತದೆ.

ಅಲ್ಲಿಂದ ಮುದ್ದೇನಹಳ್ಳಿ ಕಡೆಗೆ ಹೊಲಗಳ ನಡುವೆ ಹೋಗಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿಯೂ ಇಲ್ಲೇ ಇದೆ. ಮುಂದೆ ಸ್ಕಂದಗಿರಿಯ ಬಂಡೆ ಎದುರಾಗುತ್ತದೆ. ಬುಡದ ಪಾಪಾಗ್ನಿ ಮಠದವರೆಗೆ ಹೋಗಿ ಹಿಂದಿರುಗಿ, ಬೆಟ್ಟದ ದಾರಿಗೆ ಸೈಕಲ್ಲು ಬೇಡ. ಸ್ಕಂದಗಿರಿ, ಚನ್ನಗಿರಿ, ಮಾಕಳಿದುರ್ಗಗಳ ಚಾರಣಕ್ಕೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಅನುಮತಿ ಪಡೆಯಬೇಕು, ಅದು ನಡೆದು ಹತ್ತುವವರಿಗೆ ಕೊಡುವ ಅನುಮತಿ. ಅರಣ್ಯದ ಗಡಿಕಲ್ಲು, ಬೋರ್ಡು ಕಂಡಲ್ಲಿ ತಿರುಗಿಬಿಡಿ. ಈ ಬೆಟ್ಟಗಳಲ್ಲಿ ಚಿರತೆಗಳಿವೆ, ಕತ್ತಲಿರುವಾಗ ಬುಡದ ಕುರುಚಲಿನಲ್ಲಿ ಒಬ್ಬರೇ ಹೋಗಬೇಡಿ.

ಕೈ ಕುದುರಿದ ಮೇಲೆ ದಕ್ಷಿಣದ ಕಡೆ. ಕೆಂಪೇಗೌಡರ ಪೂರ್ವಿಕರ ಊರಾದ ಆವತಿಯಿಂದ ಹೊರಟು ಪಶ್ಚಿಮಕ್ಕೆ ಕಾರಹಳ್ಳಿ, ಅಲ್ಲಿಂದ ಉತ್ತರಕ್ಕೆ ಬೆಟ್ಟ ಏರುವ ರಸ್ತೆಯ ಬುಡದ ಕುಡುವತಿ. ಈ ಭಾಗದಲ್ಲಿ ದ್ರಾಕ್ಷಿ, ಗುಲಾಬಿ ತೋಟಗಳು ಹೆಚ್ಚು, ದಾರಿಗಳು ತೋಟಗಳ ನಡುವೆ ಲಂಬಕೋನದಲ್ಲಿ ತಿರುಗುತ್ತ ಹೋಗುತ್ತವೆ. ಔಷಧಿ ಹೊಡೆಯುತ್ತಿರುವುದು ಕಂಡರೆ ಗಾಳಿ ಬೀಸುವ ದಿಕ್ಕು ನೋಡಿ ದೂರದಿಂದಲೇ ಬಳಸಿ ಹೋಗಿ. ವಾರಾಂತ್ಯದಲ್ಲಿ ಕಾರಹಳ್ಳಿ, ಕುಡುವತಿ ನಡುವಿನ ಡಾಂಬರು ರಸ್ತೆ ಬೆಟ್ಟಕ್ಕೆ ಹೋಗುವ ವಾಹನಗಳಿಂದ ತುಂಬಿರುತ್ತದೆ. ಅದನ್ನು ದಾಟಬೇಕೇ ಹೊರತು ಹಿಡಿಯಬಾರದು. ಸಾಧ್ಯವಿದ್ದವರು ವಾರದ ನಡುವೆ ಹೋಗಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಶ್ಚಿಮದ ಉದ್ದ ದಾರಿ. ಹೆಗ್ಗಡಿಹಳ್ಳಿ, ತೂಬಗೆರೆ, ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗ. ನಂದಿಯ ಜನಜಂಗುಳಿ ಹೆಗ್ಗಡಿಹಳ್ಳಿಗೇ ಮುಗಿಯುತ್ತದೆ. ಮುಂದೆ ಚನ್ನಗಿರಿಯ ಸಾಲು ಬಲಕ್ಕಿರುತ್ತದೆ, ಎಡಕ್ಕೆ ರಾಗಿ, ಅವರೆ, ಹುರುಳಿ ಹೊಲಗಳು, ನಡುನಡುವೆ ಹುಣಸೆ ಮರಗಳು. ಕೆರೆಯಿಂದ ಕೆರೆಗೆ ಹೋಗುವಂತೆ ದಾರಿ ಜೋಡಿಸಿಕೊಂಡರೆ ಅರ್ಧ ಸವಾರಿ ಏರಿಗಳ ಮೇಲೇ ಆಗುತ್ತದೆ. ಎತ್ತರದ ಸಮತಟ್ಟಾದ ಏರಿ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಅಚ್ಚುಕಟ್ಟಿನ ಹಸಿರು. ಈ ಸೀಮೆಯ ಅತ್ಯುತ್ತಮ ಸೈಕಲ್ ದಾರಿ ಯಾವುದೆಂದು ಕೇಳಿದರೆ ಕೆರೆ ಏರಿ ಎಂದೇ ಹೇಳುತ್ತೇನೆ. ಕೋಡಿ ಹರಿಯುತ್ತಿದ್ದರೆ ಮಾತ್ರ ನೀರು ತೆಳ್ಳಗೆ ಕಂಡರೂ ಅದರ ಮೇಲೆ ಸೈಕಲ್ಲು ಇಳಿಸಬೇಡಿ, ಪಾಚಿ ಕಟ್ಟಿದ ಕಲ್ಲು ನಿಲ್ಲಗೊಡುವುದಿಲ್ಲ.

ಘಾಟಿಯಲ್ಲಿ ಊಟ, ತಿಂಡಿ, ನೀರು ಎಲ್ಲ ಸಿಗುತ್ತದೆ. ಪುಷ್ಯ ಮಾಸದ ಬ್ರಹ್ಮರಥೋತ್ಸವ, ದನಗಳ ಜಾತ್ರೆಯ ದಿನಗಳಲ್ಲಿ ಸೈಕಲ್ಲು ನುಗ್ಗಲು ಜಾಗವಿರುವುದಿಲ್ಲ, ಜಾತ್ರೆ ನೋಡಲೆಂದೇ ಹೋಗುವುದಾದರೆ ಬೇರೆ ಮಾತು. ಅಲ್ಲಿಂದ ಮಾಕಳಿದುರ್ಗದ ಬುಡಕ್ಕೆ ಹೋದರೆ ಬೆಟ್ಟದ ಕೆಳಗೆ ರೈಲು ಸುತ್ತಿ ಹಾಯುವುದನ್ನು ನೋಡಬಹುದು. ಹಳಿಯ ಪಕ್ಕದ ಜಲ್ಲಿಯ ಮೇಲೆ ಸವಾರಿ ಮಾಡುವುದು ತಪ್ಪು, ಅಪಾಯ ಕೂಡ. ಮರಳಲು ದೊಡ್ಡಬಳ್ಳಾಪುರಕ್ಕೆ ಇಳಿದು ರೈಲು ಹಿಡಿಯಬಹುದು. ಸೈಕಲ್ಲು ಒಯ್ಯುವ ನಿಯಮವನ್ನು ಹೊರಡುವ ಮೊದಲೇ ನಿಲ್ದಾಣದಲ್ಲಿ ವಿಚಾರಿಸಿ. ಚಕ್ರ ಬಿಚ್ಚಿ ಚೀಲಕ್ಕೆ ಹಾಕಿಕೊಂಡರೆ ಜಗಳ ಕಡಿಮೆ. ನಂದಿ ಊರಿನಿಂದ ಹಿಡಿದು ದೊಡ್ಡಬಳ್ಳಾಪುರದವರೆಗೆ ಐವತ್ತು ಕಿಲೊಮೀಟರ್ ಎಂದಿಟ್ಟುಕೊಳ್ಳಿ. ಡಾಂಬರಿನ ಲೆಕ್ಕದಲ್ಲಿ ಎರಡೂವರೆ ಗಂಟೆ ಎನಿಸಿದರೆ ಮಣ್ಣಿನಲ್ಲಿ ಐದು ಗಂಟೆ ಬೇಕು.

ಉತ್ತರಕ್ಕೆ, ಗುಡಿಬಂಡೆಯ ಕೋಟೆ, ಅಮಾನಿ ಬೈರಸಾಗರದ ಕಡೆಗೂ ದಾರಿಗಳಿವೆ. ಅಲ್ಲಿ ಕ್ರಷರ್‌ಗಳಿರುವ ಕಡೆ ಜಾಗ್ರತೆ. ದಾರಿಬದಿಯ ಗಿಡಗಳ ಎಲೆ ಬೆಳ್ಳಗಾಗಿದ್ದರೆ ಆ ರಸ್ತೆಯಲ್ಲಿ ಜಲ್ಲಿ ಟಿಪ್ಪರ್‌ಗಳು ಓಡಾಡುತ್ತಿವೆ ಎಂದೇ ಅರ್ಥ. ಬೇರೆ ದಾರಿ ನೋಡಿ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ. ಈ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಅದು ನಿಂತು ಒಂದು ವಾರವಾದರೆ ಧೂಳಿಲ್ಲದ, ಕೆಸರಿಲ್ಲದ, ಗಟ್ಟಿ ಕೂತ ದಾರಿ ಸಿಗುತ್ತದೆ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಹಿಂದಿನ ಕೆಂಪು ದೀಪ ಹಗಲಾದರೂ ಉರಿಯುತ್ತಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಹತ್ತರೊಳಗೆ ಮುಗಿಸಿ. ಮಧ್ಯಾಹ್ನದ ಮೇಲೆ ಗುಡುಗು, ಆಲಿಕಲ್ಲು ಮಳೆ ಬರುವ ಕಾಲ ಅದು. ಬಯಲಿನಲ್ಲಿ, ಏರಿಯ ಮೇಲೆ, ಒಂಟಿ ಮರದ ಕೆಳಗೆ ಸಿಕ್ಕಿಹಾಕಿಕೊಳ್ಳಬಾರದು.

ಸುಗ್ಗಿಯ ತಿಂಗಳಿಗೆ ಬೇರೆಯದೇ ನಡವಳಿಕೆ ಬೇಕು. ನವೆಂಬರ್ ಕಳೆಯುತ್ತಿದ್ದಂತೆ ರಾಗಿ, ಆಮೇಲೆ ಹುರುಳಿಯನ್ನು ವಾಹನಗಳು ತುಳಿದುಹೋಗಲೆಂದು ರಸ್ತೆಯ ಮೇಲೆ ಹರಡುತ್ತಾರೆ. ಹುರುಳಿ ಬಳ್ಳಿ ಚೈನಿಗೂ ಗೇರಿಗೂ ಸುತ್ತಿಕೊಂಡರೆ ಹ್ಯಾಂಗರ್ ಮುರಿದೇ ಹೋಗುತ್ತದೆ. ಇಳಿದು ತಳ್ಳಿಕೊಂಡು ಪಕ್ಕದಲ್ಲಿ ಹೋಗಿ. ಒಕ್ಕಿ ರಾಶಿ ಮಾಡಿಟ್ಟ ಕಾಳಿನ ಹತ್ತಿರವಂತೂ ಚಕ್ರ ಸುಳಿಯಬಾರದು. ಅದು ಒಂದು ಮನೆಯ ವರ್ಷದ ಅನ್ನ.

ದಾರಿಯ ಮೇಲೆ

ಇಳಿಜಾರಿನಲ್ಲಿ ಮೈಯನ್ನು ಸ್ವಲ್ಪ ಹಿಂದಕ್ಕೆ ತನ್ನಿ, ಹಿಮ್ಮಡಿ ಕೆಳಗಿರಲಿ, ಹ್ಯಾಂಡಲ್ಲಿನ ಬಾಗಿದ ಭಾಗ ಹಿಡಿಯಿರಿ. ತಿರುವು ಬರುವ ಮೊದಲೇ ವೇಗ ತಗ್ಗಿಸಿ, ತಿರುವಿನ ಒಳಗೆ ಮುಂದಿನ ಬ್ರೇಕ್ ಹಿಡಿಯಬೇಡಿ. ಟ್ರ್ಯಾಕ್ಟರಿನ ಜಾಡಿಗೆ ಇಳಿದರೆ ಅದರಲ್ಲೇ ಸಾಗಿ, ನಡುವೆ ಹಾರಿ ಮೇಲೆ ಬರಲು ಹೋದಾಗಲೇ ಬೀಳುವುದು. ನೀಲಗಿರಿ ತೋಪಿನಲ್ಲಿ ಎಲೆ ಹಾಸಿದ ಕಡೆ ನಿಧಾನ. ಕಡಿದ ಮರದ ಕೂಳೆಗಳು ಎಲೆಯ ಕೆಳಗೆ ಅಡಗಿರುತ್ತವೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದ್ದರೂ ಹಳೆಯ ತೋಪುಗಳು ಕಡಿದಷ್ಟೂ ಚಿಗುರುತ್ತ ಉಳಿದಿವೆ. ಬಹುಪಾಲು ಖಾಸಗಿ ಜಮೀನು, ಕೇಳದೆ ಒಳಹೋಗಬೇಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವುದಕ್ಕಿಂತ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯುವುದು ಮೇಲು. ಕುರಿಮಂದೆ ಎದುರಾದರೆ ನಿಂತುಬಿಡಿ, ಬೆಲ್ ಹೊಡೆದರೆ ಚದುರಿ ಬೆಳೆಗೆ ನುಗ್ಗುತ್ತವೆ, ಬೈಗುಳ ಬೀಳುವುದು ಕುರಿ ಕಾಯುವವರಿಗೆ.

ನೀರು ಎರಡು ಬಾಟಲಿ, ಜೊತೆಗೆ ಕಡಲೆ, ಬೆಲ್ಲ, ಬಾಳೆಹಣ್ಣು. ಕೆರೆ ನೀರನ್ನು ಬಾಯಿಗೆ ಹಾಕಬೇಡಿ, ಚಿಕ್ಕಬಳ್ಳಾಪುರದ ಹಲವು ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ತ್ಯಾಜ್ಯ ನೀರು ತುಂಬಿಸುತ್ತಾರೆ. ದೊಡ್ಡ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತದೆ, ನಾಣ್ಯ ಹಾಕಬೇಕು, ಚಿಲ್ಲರೆ ಇಟ್ಟುಕೊಂಡಿರಿ. ಅಪಘಾತವಾದರೆ ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112. ಫೋನಿನಲ್ಲಿ ನೀವಿರುವ ಊರಿನ ಹೆಸರು, ಹೋಬಳಿ ಹೇಳಲು ಗೊತ್ತಿರಬೇಕು. ಪ್ರತಿ ಊರು ದಾಟುವಾಗ ಶಾಲೆಯ ಬೋರ್ಡನ್ನು ಓದಿಕೊಂಡರೆ ಅಷ್ಟೂ ವಿವರ ಅದರಲ್ಲೇ ಇರುತ್ತದೆ.

ಮನೆಗೆ ಬಂದ ಮೇಲೆ ಎರಡು ಕೆಲಸ. ಚೈನಿನ ಕೆಂಪು ಧೂಳನ್ನು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಎಣ್ಣೆ ಬಿಡಿ. ಧೂಳಿನ ಮೇಲೇ ಎಣ್ಣೆ ಬಿಟ್ಟರೆ ಅದು ಅರೆಯುವ ಪುಡಿಯಾಗಿ ಚೈನನ್ನೂ ಹಲ್ಲನ್ನೂ ಸವೆಸುತ್ತದೆ. ಎರಡನೆಯದು, ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ನೀವು ಹೋದ ಬಂಡಿ ದಾರಿ ಇಲ್ಲದಿದ್ದರೆ ಸೇರಿಸಿ. ನೆಲ ಗರಸೋ, ಮಣ್ಣೋ ನಮೂದಿಸಿ, ಮುಚ್ಚಿಹೋದ ದಾರಿ ಇದ್ದರೆ ಎಲ್ಲಿ ಮುಚ್ಚಿದೆ ಎಂದು ಗುರುತು ಮಾಡಿ. ಖಾತೆ ತೆರೆಯಲು ದುಡ್ಡು ಬೇಡ, ಊರಿನ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು.